ಮೋಹನಣ್ಣನ ತೋಟದ ಚಾ

ನನಗೆ ಚಹಾ ತೋಟ ಇಲ್ಲ. ದುಬೈಯ ಕುಸೈಸಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಒಂದು ತುಳಸಿ, ಒಂದು ಕರಿಬೇವು ಇವೆ. ಕರಿಬೇವು ಪ್ರತಿ ಜೂನಿನಲ್ಲಿ ಸಾಯುತ್ತದೆ, ಪ್ರತಿ ಅಕ್ಟೋಬರಿನಲ್ಲಿ ಹೊಸದನ್ನು ತರುತ್ತೇವೆ. ಕೃಷಿಯಲ್ಲಿ ನನ್ನ ಸಾಧನೆ ಇಷ್ಟೇ. ಈ ಸತ್ಯವನ್ನು ದುಬೈಯಲ್ಲಿ ಸುಮಾರು ನಲವತ್ತು ಜನರ ಮುಂದೆ ನಿಂತು ಒಪ್ಪಿಕೊಂಡಿದ್ದೇನೆ. ಅಬುಧಾಬಿಯವರಿಗೆ ಮಾತ್ರ ಹೇಳುವ ಹಾಗಿಲ್ಲ. ಯಾಕೆ ಹೇಳುವ ಹಾಗಿಲ್ಲ ಎಂದು ವಿವರಿಸುವುದಕ್ಕೂ ಈಗ ನನಗೆ ಆಯಾಸವಾಗುತ್ತದೆ. ಆದರೂ ವಿವರಿಸುತ್ತೇನೆ.

ನನ್ನ ಹೆಸರು ಮೋಹನದಾಸ್. ಊರು ಕಟಪಾಡಿ. ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ ಲಿಫ್ಟಿನ ಬಿಡಿಭಾಗ ಮಾರುವ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಕಂಪನಿ ಇರುವುದು ಆರನೇ ಮಹಡಿಯಲ್ಲಿ, ಅಲ್ಲಿಯ ಲಿಫ್ಟು ವಾರಕ್ಕೆರಡು ಸಲ ಕೆಡುತ್ತದೆ. ಹಾಗೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರಿಗೆಲ್ಲ ಮೊದಲು ಸಿಗುವುದು ಉಮ್ಮರಬ್ಬನವರ ಚಹಾ. ಅವರು ಮಂಜನಾಡಿಯವರು, ವಯಸ್ಸು ಐವತ್ತೆಂಟು. ಹನ್ನೊಂದು ವರ್ಷದಿಂದ ನಮ್ಮ ಪ್ಯಾಂಟ್ರಿಯಲ್ಲಿ ದಿನಕ್ಕೆ ಮೂರು ಸಲ ನಲವತ್ತು ಕಪ್ಪು ಚಹಾ ಮಾಡುತ್ತಿದ್ದರು. ನಾನು ಅವರನ್ನು ಉಮ್ಮರಾಕ, ಅಂದರೆ ಉಮ್ಮರಣ್ಣ, ಎನ್ನುತ್ತೇನೆ; ಅವರು ನನಗಿಂತ ಹತ್ತು ವರ್ಷ ದೊಡ್ಡವರಾದರೂ ನನ್ನನ್ನು ಮೋಹನಣ್ಣ ಎನ್ನುತ್ತಾರೆ.

ಎರಡು ಸಾವಿರದ ಹದಿನೈದರ ಸೆಪ್ಟೆಂಬರಿನಲ್ಲಿ, ನಾನು ವಾರ್ಷಿಕ ರಜೆಗೆ ಹೊರಡುವ ಹಿಂದಿನ ದಿನ, ನಮ್ಮ ಅಡ್ಮಿನ್ ಮ್ಯಾನೇಜರ್ ಡೆಲ್ಫಿನ್ ಮೇಡಂ ಮೀಟಿಂಗಿನಲ್ಲಿ ಕಪ್ಪನ್ನು ದೂರ ಸರಿಸಿದರು.

"ಇದು ಚಾ ಅಲ್ಲ, ಪಾತ್ರೆ ತೊಳೆದ ನೀರು. ನಾನು ಚಾ ಮಾಡುವ ಮೆಷಿನ್ ತರಿಸಲು ಹೇಳಿದ್ದೇನೆ. ಉಮ್ಮರಬ್ಬನ ವೀಸಾ ನವೆಂಬರಿಗೆ ಮುಗೀತದೆ. ರಿನ್ಯೂ ಮಾಡುವುದು ಬೇಡ. ಖಲಾಸ್."

ಉಮ್ಮರಾಕ ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದರು. ಅವರ ಮಗಳು ಮೈಮೂನ ದೇರಳಕಟ್ಟೆಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು, ಇನ್ನೂ ಎರಡು ವರ್ಷ ಬಾಕಿಯಿತ್ತು. ವೀಸಾ ಕೂಡ ಎರಡೇ ವರ್ಷದ್ದು. ಇನ್ನೊಂದು ಸಲ ಮುದ್ರೆ ಬಿದ್ದರೆ ಸಾಕು, ಆಮೇಲೆ ಊರಲ್ಲಿ ಕೂತು ಮೀನು ತಿನ್ನುತ್ತೇನೆ ಎಂದು ಅವರು ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದರು.

ಕಿಸೆಯಲ್ಲಿ ಊರಿನ ಟಿಕೆಟ್ ಇರುವ ಮನುಷ್ಯನಿಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ನಾನು ಎದ್ದು ನಿಂತೆ.

"ಮೇಡಂ, ತಪ್ಪು ಕೈಯದ್ದಲ್ಲ, ಪುಡಿಯದ್ದು. ನನ್ನ ಹೆಂಡತಿಯ ಸೋದರಮಾವನಿಗೆ ನೀಲಗಿರಿಯಲ್ಲಿ ಟೀ ಎಸ್ಟೇಟ್ ಉಂಟು. ಬರುವಾಗ ಅಲ್ಲಿಂದಲೇ ತರ್ತೇನೆ. ಅಷ್ಟರ ತನಕ ವೀಸಾ ವಿಷಯ ಮುಟ್ಟಬೇಡಿ."

ಮಾವ ಇರುವುದು ನಿಜ. ತನಿಯಪ್ಪ ಮಾವ. ನೀಲಗಿರಿಯೂ ನಿಜ. ಅವರು ಅಲ್ಲಿಯ ಒಂದು ಚಹಾ ಫ್ಯಾಕ್ಟರಿಯ ಗೇಟಿನಲ್ಲಿ ಎಲೆ ತೂಗುವ ಗುಮಾಸ್ತರಾಗಿ ಇಪ್ಪತ್ತೆರಡು ವರ್ಷ ದುಡಿದು ನಿವೃತ್ತರಾದವರು. ಅವರನ್ನು ತೋಟದ ಯಜಮಾನರನ್ನಾಗಿ ಮಾಡಲು ನನಗೆ ಒಂದು ವಾಕ್ಯ ಸಾಕಾಯಿತು.

ಮಾವನ ಹಳೆಯ ಪರಿಚಯದಿಂದ ಮೂರು ಕಿಲೋ ಒಳ್ಳೆಯ ಪುಡಿ ಸಿಕ್ಕಿತೆನ್ನುವುದೂ ನಿಜ. ಅದು ಮಂಗಳೂರು ವಿಮಾನ ನಿಲ್ದಾಣದವರೆಗೆ ಬಂತು. ಕೌಂಟರಿನ ತಕ್ಕಡಿ ಮೂರು ಕಿಲೋ ಹೆಚ್ಚು ತೋರಿಸಿತು. ನಾನು ನನ್ನ ಹೆಂಡತಿ ಲೋಲಾಕ್ಷಿಯ ಮುಖ ನೋಡಿದೆ.

"ಹಪ್ಪಳ ತೆಗೀಬಹುದಾ?"

"ಅಮ್ಮ ಬೆನ್ನು ನೋವಲ್ಲಿ ಒಣಗಿಸಿದ್ದು. ಮುಟ್ಟಿ ನೋಡಿ."

"ಒಣ ಸಿಗಡಿ?"

"ಪಕ್ಕದ ಮನೆ ಅಗಾತಾ ಬಾಯಿಗೆ ಅಂತ ಹೇಳಿ ಆಗಿದೆ."

"ಈ ಕಡೆಯುವ ಕಲ್ಲು ಯಾಕೆ ಮಾರಾಯ್ತಿ ದುಬೈಗೆ?"

ಹಿಂದೆ ಸಾಲಿನಲ್ಲಿದ್ದ ಇಪ್ಪತ್ತು ಜನ ನಮ್ಮ ಸೂಟ್‌ಕೇಸಿನೊಳಗೆ ಇಣುಕಿ ತಮ್ಮ ತಮ್ಮ ಅಭಿಪ್ರಾಯ ಕೊಟ್ಟರು. ಕೊನೆಗೆ ಅನಾಥವಾಗಿ ಕಂಡದ್ದು ಚಹಾಪುಡಿ ಒಂದೇ. ಭಾವ ರಂಜಿತ್ ಗಾಜಿನ ಆಚೆ ನಿಂತು ಅದನ್ನು ವಾಪಸು ತೆಗೆದುಕೊಂಡು ಕೈ ಬೀಸಿದ.

ಊರಿಂದ ಬಂದವನು ಬರಿಗೈಯಲ್ಲಿ ಆಫೀಸಿಗೆ ಹೋಗುವಂತಿಲ್ಲ. ಮಾತು ಕೊಟ್ಟು ಬರಿಗೈಯಲ್ಲಿ ಹೋಗುವುದಂತೂ ಸಾಧ್ಯವೇ ಇಲ್ಲ. ಮರುದಿನ ಕಾರಿನ ಬ್ರೇಕು ಸರಿಮಾಡಿಸಲು ರಾಸ್ ಅಲ್ ಖೋರ್‌ಗೆ ಹೋಗಿದ್ದಾಗ ಗ್ಯಾರೇಜಿನ ಪಕ್ಕದಲ್ಲೇ ಒಂದು ಸಗಟು ಗೋದಾಮು ಕಂಡಿತು. ಅಲ್ಲಿ ಟಯರುಗಳ ಪಕ್ಕ ಚಹಾಪುಡಿಯ ಚೀಲಗಳು. ಮೂರು ಕಿಲೋ ಕೊಂಡೆ. ಮನೆಗೆ ತಂದು ಲೋಲಾಕ್ಷಿಯ ಬಟ್ಟೆಚೀಲಕ್ಕೆ ಸುರಿದು, ಹಪ್ಪಳ ಸುತ್ತಿದ್ದ ಊರಿನ ಪೇಪರನ್ನು ಬಿಡಿಸಿ, ಅದರಲ್ಲಿ ಸುತ್ತಿದೆ. ಹೊರಗಡೆ ಉಡುಪಿಯ ಶ್ರದ್ಧಾಂಜಲಿ ಜಾಹೀರಾತುಗಳೇ ಕಾಣುತ್ತಿದ್ದವು. ಇದಕ್ಕಿಂತ ಅಸಲಿ ಪುರಾವೆ ಬೇಕೇ?

ಆಫೀಸಿನಲ್ಲಿ ಉಮ್ಮರಾಕ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಗಂಟು ಬಿಚ್ಚಿ ಮೂಸಿದರು. ನನ್ನ ಮುಖ ನೋಡಿದರು. ಮತ್ತೆ ಮೂಸಿದರು.

"ತೋಟದ್ದಾ ಮೋಹನಣ್ಣ?"

"ತೋಟದ್ದೇ."

"ಆಯ್ತು" ಎಂದು ಗಂಟು ಹಾಕಿದರು.

ಪ್ಯಾಂಟ್ರಿಯ ಮೂಲೆಯಲ್ಲಿ ಆಗಲೇ ಮೆಷಿನ್ ಬಂದು ಕೂತಿತ್ತು. ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಒಂದು ತಿಂಗಳು ಪರೀಕ್ಷೆಗೆಂದು ಉಚಿತವಾಗಿ ಕೊಟ್ಟದ್ದಂತೆ.

ಹನ್ನೊಂದು ಗಂಟೆಗೆ ಚಹಾ ಬಂತು. ಡೆಲ್ಫಿನ್ ಮೇಡಂ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು.

"ಮೋಹನ್! ಇದು ಚಾ!"

ಮಧ್ಯಾಹ್ನದೊಳಗೆ ಅವರು ಇಡೀ ಕಂಪನಿಗೆ ಇಮೇಲ್ ಕಳಿಸಿದರು. ವಿಷಯ: ಕೊನೆಗೂ ನಿಜವಾದ ಚಹಾ. ಸೇಲ್ಸಿನ ನೆಲ್ಸನ್ ಇದರಲ್ಲಿ ಮಂಜಿನ ಪರಿಮಳವಿದೆ ಎಂದ. ಅವನು ಹುಟ್ಟಿದ್ದು ಮಸ್ಕತ್ತಿನಲ್ಲಿ, ಮಂಜು ನೋಡಿದ್ದು ಫ್ರಿಜ್ಜಿನೊಳಗೆ. ಜನರಲ್ ಮ್ಯಾನೇಜರ್ ನಬೀಲ್ ಸಾಹೇಬರು ಜೋರ್ಡಾನಿನವರು, ಅದುವರೆಗೆ ಬರೀ ಪುದೀನ ಹಾಕಿದ, ಹಾಲಿಲ್ಲದ ಚಹಾ ಕುಡಿಯುತ್ತಿದ್ದವರು. ಅವರು ಮೂರು ಕಪ್ಪು ಕುಡಿದು ನನ್ನ ಭುಜ ತಟ್ಟಿದರು. ಹದಿನೇಳು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಇಲ್ಲಿಗೆ ಮುಗಿದಿದ್ದರೆ ನಾನು ಸುಖವಾಗಿರುತ್ತಿದ್ದೆ. ಆದರೆ ಮೂರನೇ ವಾರ ಸಾಹೇಬರು ಕರೆಸಿದರು.

"ಹಬೀಬಿ, ನೋಡು. ಡೆಲ್ಫಿನ್ ಮೆಷಿನ್ ಬೇಕು ಅನ್ನುತ್ತಾಳೆ. ನಿನ್ನ ಪುಡಿ ಮೆಷಿನ್ನಿಗೂ ಹಾಕಬಹುದು, ಮನುಷ್ಯ ಯಾಕೆ ಅನ್ನುತ್ತಾಳೆ. ಗುರುವಾರ ಮೆಷಿನ್ ಕಂಪನಿಯ ವಿಕ್ಟರ್ ಅಬುಧಾಬಿಯಿಂದ ಬರುತ್ತಾನೆ. ಅವನಿಗೆ ಚಹಾ ಚೆನ್ನಾಗಿ ಗೊತ್ತು. ಎರಡೂ ಕುಡಿದು ಅವನೇ ಹೇಳಲಿ. ಅದಕ್ಕೆ ಮುಂಚೆ ನೀನು ಎಲ್ಲರಿಗೂ ಒಂದು ಭಾಷಣ ಕೊಡು. ಚಹಾ ಎಲ್ಲಿ ಹುಟ್ಟಿತು, ಹೇಗೆ ತಯಾರಾಗುತ್ತದೆ. ತೋಟದವನು ನೀನು. ಯಲ್ಲಾ!"

"ಸಾರ್, ಉಮ್ಮರಬ್ಬನ ವೀಸಾ?"

"ಅದೂ ಗುರುವಾರವೇ."

ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತೆ. ಲೋಲಾಕ್ಷಿ ಮಾವನಿಗೆ ಫೋನು ಹಚ್ಚಿ ನನ್ನ ಕಿವಿಗಿಟ್ಟಳು.

"ಮಾವ, ಚಾ ಹೇಗೆ ಮಾಡ್ತಾರೆ?"

"ಎಂತ ಮಾರಾಯ, ಲೋಲಾಕ್ಷಿ ಮನೆಯಲ್ಲಿ ಇಲ್ವಾ?"

"ಅಯ್ಯೋ ಫ್ಯಾಕ್ಟರಿಯಲ್ಲಿ ಮಾವ. ಪುಡಿ ಹೇಗೆ ಮಾಡ್ತಾರೆ?"

"ಅದಾ! ಮೊದಲು ಎಲೆ ಬರ್ತದೆ. ನಾವು ತೂಗ್ತೇವೆ."

"ಆಮೇಲೆ?"

"ಆಮೇಲೆ ಒಳಗೆ ಹೋಗ್ತದೆ."

"ಒಳಗೆ ಎಂತ ಮಾಡ್ತಾರೆ?"

"ಅದು ನಾನು ಕೇಳ್ಲಿಕ್ಕೆ ಹೋಗ್ಲಿಲ್ಲ. ನಮ್ಮದು ಗೇಟು. ಇನ್ನೊಬ್ಬರ ಡಿಪಾರ್ಟ್‌ಮೆಂಟಿಗೆ ಯಾಕೆ ತಲೆ ಹಾಕುವುದು?"

ಇಪ್ಪತ್ತೆರಡು ವರ್ಷ ಒಂದೇ ಒಂದು ಸಲವೂ ಗೇಟು ದಾಟದ ಶಿಸ್ತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ಪಕ್ಕದ ಮನೆಯ ಅಗಾತಾ ಬಾಯಿ ಸಿಗಡಿಯ ಡಬ್ಬ ವಾಪಸು ಕೊಡಲು ಬಂದರು. ಡೆಲ್ಫಿನ್ ಮೇಡಂ ಅವರ ಚರ್ಚಿನವರೇ. ಸುದ್ದಿ ಆಗಲೇ ದೇರಾ ಪೇಟೆಯನ್ನೂ ದಾಟಿತ್ತು.

"ಮೋಹನದಾಸರೇ, ಕ್ರಿಸ್‌ಮಸ್‌ಗೆ ನಮಗೆ ನಿಮ್ಮ ಎಸ್ಟೇಟಿನ ಬಂಗಲೆಯಲ್ಲಿ ಎರಡು ರೂಮ್ ಆಗ್ತದಾ? ಹೀಟರ್ ಉಂಟಲ್ವಾ? ನಮ್ಮ ಯಜಮಾನರಿಗೆ ಚಳಿ ತಡೆಯುವುದಿಲ್ಲ."

ಬಂಗಲೆ ದುರಸ್ತಿಯಲ್ಲಿದೆ ಎಂದೆ. ಇಲ್ಲದ ಬಂಗಲೆಗೆ ಹೊಸ ಹೆಂಚು ಹೊದಿಸಿ ಕಳಿಸುವಷ್ಟರಲ್ಲಿ ನನಗೆ ಸಾಕಾಗಿ ಹೋಯಿತು. ಮಗಳು ದೀಕ್ಷಿತಾ ಒಂಬತ್ತನೇ ಕ್ಲಾಸು. ಅವಳು ಕಂಪ್ಯೂಟರಿನ ಮುಂದೆ ಕೂತು ಹದಿನಾಲ್ಕು ಸ್ಲೈಡು ಮಾಡಿಕೊಟ್ಟಳು.

"ಪಪ್ಪಾ, ಜಸ್ಟ್ ರೀಡ್ ಇಟ್. ಡೋಂಟ್ ಇಂಪ್ರೊವೈಸ್" ಎಂದಳು. ಹದಿನಾಲ್ಕು ವರ್ಷದ ಮಗುವಿಗೆ ಅಪ್ಪನ ಸ್ವಭಾವ ಎಷ್ಟು ಚೆನ್ನಾಗಿ ಗೊತ್ತು ಎಂದು ಬೇಸರವಾಯಿತು.

ಗುರುವಾರ ಬೆಳಿಗ್ಗೆ ನಾನು ಮೊದಲು ಪ್ಯಾಂಟ್ರಿಗೆ ಹೋದೆ. ಉಮ್ಮರಾಕ ಕಪ್ಪು ಒರೆಸುತ್ತಿದ್ದರು.

"ಉಮ್ಮರಾಕ, ಇವತ್ತು ಪುಡಿ ಸ್ವಲ್ಪ ಜಾಸ್ತಿ ಹಾಕಿ. ಇನ್ನೆಷ್ಟು ಉಳಿದಿದೆ?"

ಅವರು ಸಕ್ಕರೆ ಡಬ್ಬದ ಹಿಂದೆ ಕೈಹಾಕಿ ನನ್ನ ಪೊಟ್ಟಣವನ್ನು ಎಳೆದು ಮೇಜಿನ ಮೇಲಿಟ್ಟರು. ಮೂರೂ ಕಿಲೋ ಹಾಗೇ ಇತ್ತು. ಶ್ರದ್ಧಾಂಜಲಿಯ ಅಜ್ಜನೊಬ್ಬ ನನ್ನನ್ನೇ ನೋಡುತ್ತಿದ್ದ.

"ಇದು ಹಾಕಲೇ ಇಲ್ವಾ?"

"ಹೇಗೆ ಹಾಕುವುದು ಮೋಹನಣ್ಣ? ಟಯರಿನ ವಾಸನೆ. ರಾಸ್ ಅಲ್ ಖೋರ್‌ದ್ದಲ್ವಾ? ಅಲ್ಲಿ ಗ್ಯಾರೇಜಿನವರಿಗೆ ನಾನು ನಾಲ್ಕು ವರ್ಷ ಚಾ ಮಾಡಿದವ. ನನಗೆ ಗೊತ್ತಾಗುದಿಲ್ವಾ?"

"ಹಾಗಾದರೆ ಮೂರು ವಾರದಿಂದ ಇವರೆಲ್ಲ ಕುಡಿಯುತ್ತಿರುವುದು?"

"ಆಫೀಸಿನ ಹಳದಿ ಪೊಟ್ಟಣದ್ದೇ. ಹನ್ನೊಂದು ವರ್ಷದಿಂದ ಅದೇ."

"ಮತ್ತೆ ರುಚಿ ಹೇಗೆ ಬಂತು?"

"ಮೊದಲು ಸುಮ್ಮನೆ ಇಟ್ಟು ಬರ್ತಿದ್ದೆ. ಈಗ 'ಮೋಹನಣ್ಣನ ತೋಟದ ಚಾ' ಅಂತ ಹೇಳಿ ಇಡ್ತೇನೆ. ಅಷ್ಟೇ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಅವರು ಒಂದು ಕಪ್ಪಿನಲ್ಲಿ ಚಹಾ ಕೊಟ್ಟರು. ಚೆನ್ನಾಗಿತ್ತು. ಯಾವಾಗಲೂ ಚೆನ್ನಾಗಿಯೇ ಇತ್ತು, ನಾನು ಹನ್ನೊಂದು ವರ್ಷದಲ್ಲಿ ಒಂದು ಸಲವೂ ಹೇಳಿರಲಿಲ್ಲ ಎಂದು ನಾಚಿಕೆಯಾಯಿತು.

"ಇವತ್ತು ಹೇಗೆ ಉಮ್ಮರಾಕ?"

"ನನಗೆಂತ ಗೊತ್ತು? ಭಾಷಣ ನಿಮ್ಮದು."

ಮೀಟಿಂಗ್ ಕೋಣೆಯಲ್ಲಿ ನಲವತ್ತು ಜನ. ಮುಂದಿನ ಸಾಲಿನಲ್ಲಿ ನಬೀಲ್ ಸಾಹೇಬರು, ಡೆಲ್ಫಿನ್ ಮೇಡಂ, ಅವರ ನಡುವೆ ವಿಕ್ಟರ್. ದಪ್ಪ ಮೂಗಿನ ಶಾಂತ ಮನುಷ್ಯ. ಅಬುಧಾಬಿಯ ರೀಮ್ ಐಲ್ಯಾಂಡಿನಲ್ಲಿ ಆಫೀಸುಗಳಿಗೆ ಮೆಷಿನ್ನನ್ನೂ ಚಹಾ ಮಾಡುವ ಜನರನ್ನೂ ಒದಗಿಸುವ ಕಂಪನಿಯ ಮ್ಯಾನೇಜರ್. ಅದಕ್ಕೆ ಮುಂಚೆ ಜಬಲ್ ಅಲಿ ಬಂದರಿನ ಚಹಾ ಕಂಪನಿಯಲ್ಲಿ ಹದಿನಾಲ್ಕು ವರ್ಷ ಚಹಾದ ರುಚಿ ನೋಡುವುದೇ ಕೆಲಸವಾಗಿತ್ತೆಂದು ಡೆಲ್ಫಿನ್ ಮೇಡಂ ಪರಿಚಯಿಸಿದರು. ಮೇಜಿನ ಪಕ್ಕ ಮೆಷಿನ್ನೂ ಬಂದು ನಿಂತಿತ್ತು.

ಮೊದಲ ಸ್ಲೈಡು ಓದಿದೆ. ಚೀನಾದಲ್ಲಿ ಬಹಳ ಹಿಂದೆ ಒಬ್ಬ ರಾಜನಿದ್ದನಂತೆ. ಅವನು ಮರದ ಕೆಳಗೆ ಬಿಸಿನೀರು ಕಾಯಿಸುತ್ತಿದ್ದಾಗ ಎಲೆಯೊಂದು ಹಾರಿ ಬಂದು ನೀರಿಗೆ ಬಿತ್ತಂತೆ. ಕುಡಿದನಂತೆ. ಅದೇ ಮೊದಲ ಚಹಾ ಎಂದು ಕಥೆ.

"ಅಂದರೆ ಮೊದಲ ಚಹಾಕ್ಕೆ ಮಾಡುವ ಜನ ಬೇಕಾಗಲೇ ಇಲ್ಲ" ಎಂದರು ಡೆಲ್ಫಿನ್ ಮೇಡಂ.

ಇದೇನು ಗ್ರಹಚಾರ! ನಾನು ಅವಸರದಲ್ಲಿ ಹೇಳಿದೆ, "ಇಲ್ಲ ಮೇಡಂ, ಎಲೆ ತಂದು ಹಾಕಲಿಕ್ಕೆ ಗಾಳಿ ಇತ್ತು. ಗಾಳಿಯನ್ನು ದೇವರು ಇಟ್ಟದ್ದು. ಒಬ್ಬರು ಬೇಕೇ ಬೇಕು."

ಮುಂದಿನ ಸ್ಲೈಡು. ಹಸಿರು ಚಹಾ, ಕಪ್ಪು ಚಹಾ, ಬಿಳಿ ಚಹಾ ಎಲ್ಲ ಒಂದೇ ಗಿಡದ್ದು, ಮಾಡುವ ರೀತಿ ಮಾತ್ರ ಬೇರೆ. ಬ್ರಿಟಿಷರು ಬರುವ ಮೊದಲೇ ಅಸ್ಸಾಮಿನ ಕಾಡಿನಲ್ಲಿ ಆ ಗಿಡ ಇತ್ತು, ಅಲ್ಲಿಯ ಜನ ಎಲೆ ಕುದಿಸಿ ಕುಡಿಯುತ್ತಿದ್ದರು. ಇಷ್ಟರವರೆಗೆ ಚೆನ್ನಾಗಿ ಹೋಯಿತು. ತಯಾರಿಕೆಯ ಸ್ಲೈಡು ಬಂದಾಗ ಗಾಬರಿಯಲ್ಲಿ ಬೆರಳು ಎರಡು ಸಲ ಒತ್ತಿತು. ಮುಂದಿನದು ಹಿಂದೆ, ಹಿಂದಿನದು ಮುಂದೆ ಆಯಿತು.

"ಮೊದಲು ಎಲೆಯನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಜರಡಿ ಹಿಡಿದು, ಆಮೇಲೆ ಬಾಡಲು ಬಿಟ್ಟು, ಅರೆದು, ಕೊನೆಗೆ ಗಿಡದಿಂದ ಕೀಳುತ್ತಾರೆ."

ವಿಕ್ಟರ್ ತಲೆಯೆತ್ತಿದರು. "ಕೀಳುವ ಮೊದಲೇ ಒಣಗಿಸ್ತೀರಾ?"

"ನಮ್ಮ ತೋಟದಲ್ಲಿ ಹಾಗೆ. ಅದೇ ವಿಶೇಷ."

ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ನೆಲ್ಸನ್ ಇರಬೇಕು.

ಉಮ್ಮರಾಕ ಟ್ರೇ ತಂದರು. ವಿಕ್ಟರರ ಮುಂದೆ ಎರಡು ಕಪ್ಪು, ಒಂದು ಮೆಷಿನ್ನಿನದು, ಒಂದು ಅವರದು. ವಿಕ್ಟರ್ ಕಿಸೆಯಿಂದ ಒಂದು ಚಮಚ ತೆಗೆದು, ನಲವತ್ತು ಜನ ಬೆಚ್ಚಿಬೀಳುವಂತೆ ಸೊರ್ರೆಂದು ಎಳೆದರು. ಮೆಷಿನ್ನಿನ ಕಪ್ಪನ್ನು ಪಕ್ಕಕ್ಕಿಟ್ಟರು. ಉಮ್ಮರಾಕರ ಚಹಾವನ್ನು ಎರಡನೇ ಸಲ ಎಳೆದರು.

"ಇದು ನೀಲಗಿರಿಯದ್ದಲ್ಲ. ಬಣ್ಣಕ್ಕೆ ಅಸ್ಸಾಮು, ಖಡಕ್ಕಿಗೆ ಕೀನ್ಯಾ. ಬೆರೆಸಿ ಪೊಟ್ಟಣ ಮಾಡುವುದು ಇಲ್ಲೇ ಜಬಲ್ ಅಲಿಯಲ್ಲಿ. ಸೂಪರ್‌ಮಾರ್ಕೆಟಿನ ಹಳದಿ ಪೊಟ್ಟಣ."

ನಲವತ್ತು ಮುಖಗಳು ನನ್ನ ಕಡೆ ತಿರುಗಿದವು. ಡೆಲ್ಫಿನ್ ಮೇಡಂ ಎದ್ದು ಮೆಷಿನ್ನಿನ ಪಕ್ಕ ಹೋಗಿ ನಿಂತರು.

"ಸಾರ್, ನೋಡಿದಿರಾ? ಸುಳ್ಳು. ಉಮ್ಮರಬ್ಬನ ಫೈಲು ಇವತ್ತೇ ಮುಚ್ಚಿಬಿಡುವಾ."

ಉಮ್ಮರಾಕ ಟ್ರೇಯನ್ನು ಎದೆಗೊತ್ತಿ ಹಿಡಿದಿದ್ದರು. ನನಗೆ ಸುಳ್ಳು ಹೇಳಿ ಹೇಳಿ ಸುಸ್ತಾಗಿತ್ತು. ಇನ್ನೊಂದು ಹೇಳುವ ಶಕ್ತಿಯಿಲ್ಲದ್ದರಿಂದ ನಿಜ ಹೇಳಿದೆ.

"ತೋಟ ಇಲ್ಲ ಸಾರ್. ಮಾವ ಗೇಟಿನಲ್ಲಿ ಎಲೆ ತೂಗ್ತಿದ್ದರು. ನಾನು ತಂದ ಪುಡಿ ರಾಸ್ ಅಲ್ ಖೋರ್‌ದ್ದು. ಅದನ್ನೂ ಇವರು ಹಾಕಲಿಲ್ಲ. ಮೂರು ವಾರದಿಂದ ನೀವೆಲ್ಲ ಹೊಗಳಿದ್ದು ಉಮ್ಮರಬ್ಬನವರ ಅದೇ ಹಳೇ ಚಾ. ಪಾತ್ರೆ ತೊಳೆದ ನೀರು ಅಂದದ್ದೂ ಅದಕ್ಕೇ, ಕೊನೆಗೂ ನಿಜವಾದ ಚಹಾ ಅಂತ ಇಮೇಲ್ ಕಳಿಸಿದ್ದೂ ಅದಕ್ಕೇ. ಇಮೇಲಿನ ಪ್ರಿಂಟು ನನ್ನ ಫೈಲಿನಲ್ಲಿ ಉಂಟು."

ಕಾಗದಪತ್ರ ನೋಡಿಕೊಳ್ಳುವವನು ಮತ್ತೇನು ಮಾಡಿಯಾನು, ಎಲ್ಲವನ್ನೂ ಫೈಲು ಮಾಡುತ್ತಾನೆ. ಡೆಲ್ಫಿನ್ ಮೇಡಂ ಕೂತರು. ಆಮೇಲೆ ನಬೀಲ್ ಸಾಹೇಬರು ನಗತೊಡಗಿದರು. ಮೇಜು ಕುಟ್ಟಿ ಕುಟ್ಟಿ ನಕ್ಕರು. ಅವರು ನಕ್ಕದ್ದರಿಂದ ಉಳಿದವರೂ ನಕ್ಕರು.

ವಿಕ್ಟರ್ ಮಾತ್ರ ನಗಲಿಲ್ಲ. ಅವರು ಎದ್ದು ಉಮ್ಮರಾಕರ ಬಳಿ ಹೋದರು.

"ಹಳದಿ ಪೊಟ್ಟಣದಲ್ಲಿ ಇಂಥ ಚಾ ನಾನು ಕುಡಿದಿಲ್ಲ. ಹೇಗೆ ಮಾಡ್ತೀರಿ?"

"ಎಂತ ಇಲ್ಲ ಸಾರ್. ನೀರು ಕುದಿಯುವಾಗ ಏಲಕ್ಕಿ. ಪುಡಿ ಹಾಕಿ ಕಾವು ಸಣ್ಣ ಮಾಡ್ತೇನೆ. ಡಬ್ಬಿ ಹಾಲು ಹಾಕಿ ಎರಡು ಸಲ ಉಕ್ಕಿಸ್ತೇನೆ. ಲಿಫ್ಟ್ ಹಾಳಾದ ದಿನ ಸ್ವಲ್ಪ ಸಕ್ಕರೆ ಜಾಸ್ತಿ."

ವಿಕ್ಟರ್ ಸಾಹೇಬರ ಕಡೆ ತಿರುಗಿದರು. "ರೀಮ್ ಐಲ್ಯಾಂಡಿನಲ್ಲಿ ಒಂದು ಕಂಪನಿಯ ಡೈರೆಕ್ಟರುಗಳ ಮಹಡಿಗೆ ನನಗೆ ಒಬ್ಬರು ಬೇಕು. ಅವರು ಯಾರೂ ಮೆಷಿನ್ನಿನ ಚಹಾ ಮುಟ್ಟುವುದಿಲ್ಲ. ನಿಮಗೆ ಬೇಡವಾದರೆ ಇವರನ್ನು ನನಗೆ ಕೊಡಿ. ಎರಡು ವರ್ಷದ ವೀಸಾ, ಇರಲು ರೂಮು."

"ಮೆಷಿನ್ನು?" ಎಂದು ಡೆಲ್ಫಿನ್ ಮೇಡಂ ಸಣ್ಣ ದನಿಯಲ್ಲಿ ಕೇಳಿದರು.

"ಅದನ್ನು ನೀವೇ ಇಟ್ಟುಕೊಳ್ಳಿ. ಅದು ನಿಮಗೆ ಚೆನ್ನಾಗಿರ್ತದೆ."

ಹೀಗೆ ಮೆಷಿನ್ ಮಾರಲು ಬಂದವರು ಮನುಷ್ಯನನ್ನು ಕರೆದುಕೊಂಡು ಹೋದರು. ಉಮ್ಮರಾಕರಿಗೆ ಎರಡು ವರ್ಷ ಸಿಕ್ಕಿತು. ನನ್ನ ಮನಸ್ಸು ತುಂಬಿ ಬಂತು, ನಿಜವಾಗಿ ಸಂತೋಷವಾಯಿತು. ಅವರು ಹೊರಡುವ ದಿನ ನನ್ನ ಮೂರು ಕಿಲೋ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಚಹಾದ ಬಗ್ಗೆ ಅಷ್ಟೊಂದು ತಿಳಿದಿದೆಯಲ್ಲ ಎಂದು ಡೆಲ್ಫಿನ್ ಮೇಡಂ ಮೆಷಿನ್ನಿನ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು. ಈಗ ದಿನಕ್ಕೆ ಮೂರು ಸಲ ಗುಂಡಿ ಒತ್ತುವವನು ನಾನು. ಬರುವುದು ಪಾತ್ರೆ ತೊಳೆದ ನೀರೇ. ಯಾರೂ ಏನೂ ಅನ್ನುವುದಿಲ್ಲ, ಎಲ್ಲರೂ ತಲೆ ತಗ್ಗಿಸಿ ಕುಡಿಯುತ್ತಾರೆ. ಮನೆಯಲ್ಲಿ ರಾಸ್ ಅಲ್ ಖೋರ್ ಪುಡಿ ಮುಗಿಯುವ ತನಕ ಬೇರೆ ತರುವುದಿಲ್ಲ ಎಂದು ಲೋಲಾಕ್ಷಿ ಹೇಳಿದ್ದಾಳೆ.

ಮೊನ್ನೆ ಶುಕ್ರವಾರ ಬೆಳಿಗ್ಗೆ ಅದೇ ಟಯರಿನ ಚಹಾ ಕುಡಿಯುತ್ತಾ ಕೂತಿದ್ದಾಗ ಉಮ್ಮರಾಕರ ಫೋನು ಬಂತು.

"ಮೋಹನಣ್ಣ, ಸೌಖ್ಯವಾ? ನಾನು ಆರಾಮ. ಮೈಮೂನ ಪಾಸಾದಳು, ಇನ್ನೊಂದೇ ವರ್ಷ. ಇಲ್ಲಿ ದೊಡ್ಡ ದೊಡ್ಡವರು ಚಾ ಕುಡಿದು ಎಲ್ಲಿಯದ್ದು ಅಂತ ಕೇಳ್ತಾರೆ."

"ಕೇಳಲಿ. ಒಳ್ಳೇದಲ್ವಾ?"

"ಹಳದಿ ಪೊಟ್ಟಣ ಅಂತ ಹೇಳಿದೆ. ಮರುದಿನ ಅರ್ಧ ಕಪ್ಪು ಬಿಟ್ಟರು. ವಿಕ್ಟರ್ ಸಾರ್ ಮುಖ ಸಣ್ಣ ಮಾಡಿದರು. ಮತ್ತೆ ನಾನು ಬೇರೆ ದಾರಿ ಇಲ್ಲದೆ..."

"ಉಮ್ಮರಾಕ, ಬೇಡ."

"ಮೋಹನಣ್ಣನ ತೋಟದ್ದು ಅಂತ ಹೇಳಿದೆ. ಈಗ ಪೂರಾ ಕುಡೀತಾರೆ. ಒಬ್ಬ ಡೈರೆಕ್ಟರಿಗೆ ತೋಟದ ವಿಷಯ ಎಲ್ಲ ತಿಳೀಬೇಕಂತೆ. ನಿಮ್ಮ ನಂಬರ್ ಕೊಟ್ಟಿದ್ದೇನೆ. ಈಗ ಮಾಡ್ತಾರೆ. ಒಂದೇ ವರ್ಷ ಮೋಹನಣ್ಣ, ಕಟ್ ಮಾಡಬೇಡಿ."

ಅವರು ಇಟ್ಟ ಕೂಡಲೇ ಫೋನು ಮತ್ತೆ ಹೊಡೆದುಕೊಂಡಿತು. ಅಬುಧಾಬಿಯ ನಂಬರು. ಲೋಲಾಕ್ಷಿ ಒಳಗಿನಿಂದ ಯಾರದ್ದು ಎಂದು ಕೇಳಿದಳು. ನಾನು ಕಪ್ಪು ಕೆಳಗಿಟ್ಟೆ. ಒಬ್ಬರು ದೊಡ್ಡ ಗಂಟಲಿನವರು, ನೀವು ತೋಟದ ಮೋಹನ್ ಅಲ್ಲವೇ, ನಿಮ್ಮಲ್ಲಿ ಚಹಾ ಹೇಗೆ ತಯಾರಾಗುತ್ತದೆ ಸ್ವಲ್ಪ ಹೇಳಿ ಎಂದರು.

"ಮೊದಲು ಎಲೆ ಬರ್ತದೆ ಸಾರ್" ಎಂದೆ. "ನಾವು ತೂಗ್ತೇವೆ."